ಒಂದೇ ಆಟಕ್ಕೆ ಎರಡು ದನಿ ಏಕೆ?

ಪ್ರಶ್ನೆ: ಹಳೆಯ ಮನೆ ಕಂಪ್ಯೂಟರುಗಳ ಆಟಗಳನ್ನು ಈಗ ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಆಡಿ ನೋಡುತ್ತಿದ್ದೇನೆ. ಕಮಡೋರ್ 64ರಲ್ಲಿ ವಾದ್ಯಮೇಳದಂತೆ ಕೇಳುವ ಆಟವೇ ಜಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ ಜೀರುಂಡೆಯಂತೆ ಕಿರುಗುಟ್ಟುತ್ತದೆ. ಎರಡೂ 1982ರ ಯಂತ್ರಗಳಲ್ಲವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ವರ್ಷ ಒಂದೇ ಆದರೂ ಎರಡರ ಹೂರಣ ಬೇರೆ. ಬೆಲೆ ತಗ್ಗಿಸುವುದೇ ಗುರಿಯಾಗಿದ್ದ ಸಿಂಕ್ಲೇರ್ ಕಂಪನಿಯ ಮೂಲ ಸ್ಪೆಕ್ಟ್ರಮ್‌ನಲ್ಲಿ ಧ್ವನಿಗೆಂದು ಪ್ರತ್ಯೇಕ ಚಿಪ್ ಇರಲಿಲ್ಲ. ಒಂದೇ ಒಂದು ಬಿಟ್ಟನ್ನು ಸೊನ್ನೆ–ಒಂದು ಎಂದು ಬದಲಿಸುತ್ತ ಪುಟ್ಟ ಸ್ಪೀಕರನ್ನು ತಟ್ಟುವ ಕೆಲಸವೂ ಮುಖ್ಯ ಪ್ರೊಸೆಸರಾದ ಜಡ್80ರ ಪಾಲಿಗೇ ಬಿದ್ದಿತ್ತು. ಆದ್ದರಿಂದ ಆ ಕಾಲದ ಮನೆ ಕಂಪ್ಯೂಟರುಗಳ ಪ್ರೋಗ್ರಾಮಿಂಗ್ ಭಾಷೆಯಾದ ಬೇಸಿಕ್‌ನಲ್ಲಿ ‘ಬೀಪ್’ ಎಂದು ಬರೆದರೆ ಆ ಸ್ವರ ಮುಗಿಯುವವರೆಗೆ ಉಳಿದೆಲ್ಲ ಕೆಲಸವೂ ನಿಂತಿರುತ್ತಿತ್ತು. ಚತುರ ಪ್ರೋಗ್ರಾಮರುಗಳು ಆ ಒಂದೇ ಬಿಟ್ಟನ್ನು ಅತಿವೇಗವಾಗಿ ಕುಣಿಸಿ ಎರಡು ಮೂರು ಸ್ವರಗಳು ಒಟ್ಟಿಗೆ ನುಡಿದಂತೆ ಭ್ರಮೆ ಹುಟ್ಟಿಸಿದ್ದುಂಟು. ಆದರೆ ಅದಕ್ಕೆ ಪ್ರೊಸೆಸರಿನ ಬಹುಪಾಲು ಸಮಯ ಬೇಕಾದ್ದರಿಂದ ಅಂಥ ಸಂಗೀತ ಹೆಚ್ಚಾಗಿ ಆಟದ ಮೊದಲ ಪರದೆಗಷ್ಟೇ ಮೀಸಲಾಯಿತು.

ಕಮಡೋರ್ 64ರಲ್ಲಿದ್ದ ಸಿಡ್ ಎಂಬ ಧ್ವನಿ ಚಿಪ್ಪನ್ನು ರೂಪಿಸಿದ ಬಾಬ್ ಯಾನಿಸ್ ಅವರಿಗೆ ಸಿಂಥಸೈಜರುಗಳ (ವಿದ್ಯುನ್ಮಾನ ವಾದ್ಯಗಳ) ಒಳಮರ್ಮ ತಿಳಿದಿತ್ತು. ಮುಂದೆ ಅವರು ಎನ್ಸಾನಿಕ್ ಎಂಬ ವಾದ್ಯ ತಯಾರಿಕಾ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಮೂರು ಸ್ವತಂತ್ರ ಧ್ವನಿಗಳು, ಪ್ರತಿಯೊಂದಕ್ಕೂ ನಾಲ್ಕು ಬಗೆಯ ಅಲೆಗಳು, ಸ್ವರ ಏರುವ, ಇಳಿಯುವ, ನಿಲ್ಲುವ, ಆರುವ ಬಗೆಯನ್ನು ನಿರ್ಧರಿಸುವ ಸೌಕರ್ಯ, ಸಾಲದೆಂಬಂತೆ ದನಿಯ ಬಣ್ಣ ಬದಲಿಸುವ ಒಂದು ಅನಲಾಗ್ ಫಿಲ್ಟರ್ ಅದರಲ್ಲಿದ್ದವು. ಆದರೆ ಇಷ್ಟೆಲ್ಲ ಸಿರಿಯಿದ್ದ ಆ ಯಂತ್ರದ ಬೇಸಿಕ್‌ನಲ್ಲಿ ಧ್ವನಿಗೆ ಒಂದು ಆದೇಶವೂ ಇರಲಿಲ್ಲ! ಒಂದೇ ಸ್ವರ ಬೇಕಿದ್ದರೂ 54272ರಿಂದ ಮುಂದಿನ ಮೆಮೊರಿ ವಿಳಾಸಗಳಿಗೆ ‘ಪೋಕ್’ ಎಂಬ ಆದೇಶದ ಮೂಲಕ ಒಂದೊಂದೇ ಸಂಖ್ಯೆ ತುಂಬಬೇಕಿತ್ತು. ನೀವು ಕೇಳುತ್ತಿರುವ ವಾದ್ಯಮೇಳ ಪ್ರೊಸೆಸರಿಗೆ ನೇರವಾಗಿ ಅರ್ಥವಾಗುವ ಮೆಷಿನ್ ಕೋಡಿನಲ್ಲಿ ಬರೆದ ಪುಟ್ಟ ಪ್ರೋಗ್ರಾಮುಗಳ ಫಲ. ಅವು ಸಾಮಾನ್ಯವಾಗಿ ಸೆಕೆಂಡಿಗೆ 50 ಅಥವಾ 60 ಬಾರಿ ಎಚ್ಚೆತ್ತು ಚಿಪ್ಪಿಗೆ ಹೊಸ ಸೂಚನೆ ಕೊಟ್ಟು ಮತ್ತೆ ಆಟಕ್ಕೆ ದಾರಿ ಬಿಡುತ್ತಿದ್ದವು. ಒಂದೇ ಧ್ವನಿಯಲ್ಲಿ ಮೂರು ಸ್ವರಗಳನ್ನು ಇದೇ ವೇಗದಲ್ಲಿ ಸುತ್ತಿಸಿದಾಗ ನಮ್ಮ ಕಿವಿ ಅದನ್ನು ಸ್ವರಮೇಳವೆಂದೇ ಗ್ರಹಿಸುತ್ತದೆ. ಆ ಕಾಲದ ಸಂಗೀತದ ನಡುಗುವ ಗುಂಗು ಬಂದಿದ್ದು ಹೀಗೆ.

ಪ್ರಶ್ನೆ: ನಮ್ಮ ಶಾಲೆಗೆ ಬಂದಿದ್ದ ಬಿಬಿಸಿ ಮೈಕ್ರೊ ಇವೆರಡರಲ್ಲಿ ಯಾವ ಸಾಲಿಗೆ ಸೇರುತ್ತದೆ?
— ಓದುಗರೊಬ್ಬರು, ಮೈಸೂರು

ಉತ್ತರ: ಯಾವ ಸಾಲಿಗೂ ಅಲ್ಲ. 1984ರಲ್ಲಿ ಆರಂಭವಾದ ಕ್ಲಾಸ್ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದ, ಏಕಾರ್ನ್ ಕಂಪನಿಯ ಈ ಯಂತ್ರದ ಧ್ವನಿ ಚಿಪ್ ಸಿಡ್‌ನ ಮುಂದೆ ಬಡವ: ಮೂರು ಸ್ವರ, ಒಂದು ಗದ್ದಲ, ಅಷ್ಟೇ. ಅದರ ಬೇಸಿಕ್ ಭಾಷೆ ಮಾತ್ರ ಉದಾರಿ. ‘ಸೌಂಡ್ 1, -15, 53, 20’ ಎಂದು ಬರೆದರೆ ಒಂದನೆಯ ಚಾನೆಲಿನಲ್ಲಿ ಗರಿಷ್ಠ ದನಿಯಲ್ಲಿ ಪಿಯಾನೊದ ನಡುವಿನ ‘ಸಿ’ ಸ್ವರ ಒಂದು ಸೆಕೆಂಡು ನುಡಿಯುತ್ತಿತ್ತು. ಕೊನೆಯ ಸಂಖ್ಯೆ ಕಾಲವನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ. ಸ್ವರದ ಏರಿಳಿತವನ್ನು ರೂಪಿಸುವ ‘ಎನ್ವಲಪ್’ ಎಂಬ ಇನ್ನೊಂದು ಆದೇಶಕ್ಕೆ 14 ಸಂಖ್ಯೆಗಳನ್ನು ಕೊಡಬೇಕಿತ್ತು, ಅದು ತುಸು ಅತಿಯೇ ಎನ್ನಬೇಕು. ಸ್ವರಗಳು ಸರದಿಯಲ್ಲಿ ನಿಂತು ತಾವಾಗಿ ನುಡಿಯುತ್ತಿದ್ದುದರಿಂದ, ಸರದಿ ತುಂಬದಿರುವವರೆಗೆ, ಪ್ರೋಗ್ರಾಮು ಕಾಯದೆ ಮುಂದಿನ ಸಾಲಿಗೆ ಹೋಗುತ್ತಿತ್ತು.