ಸಂಪಾದಕರ ಉತ್ತರ: ಹಸೆಗೋಡೆಯ ಮದುಮಗಳಿಗೆ ಮೂಗು ಯಾಕಿಲ್ಲ?

ಪತ್ರ: “ಕಳೆದ ಸಂಚಿಕೆಯಲ್ಲಿ ಹಸೆ ಚಿತ್ತಾರವನ್ನು, ಅಂದರೆ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಬರೆಯುವ ಚಿತ್ರವನ್ನು, ಬಹಳ ಹೊಗಳಿದ್ದೀರಿ. ನಮ್ಮ ಮನೆಯಲ್ಲಿ ಮಗಳ ಮದುವೆ ಇದೆ. ಗೋಡೆಗೆ ಚಿತ್ತಾರ ಬರೆಯಲೇಬೇಕೆಂದು ಅಮ್ಮನ ಹಟ. ನಾಲ್ಕು ಗೆರೆ, ಎರಡು ತ್ರಿಕೋನ, ಮೂಗಿಲ್ಲ, ಮುಖವಿಲ್ಲ. ಅದನ್ನು ಮದುಮಗಳು ಅನ್ನುವುದು ಹೇಗೆ? ಇಬ್ಬರ ಫೋಟೊ ಹಾಕಿ ಫ್ಲೆಕ್ಸ್ ಮಾಡಿಸಿದರೆ ತದ್ರೂಪ ಬರುತ್ತದೆ ಅನ್ನುತ್ತಾನೆ ಮಗ. ಇದ್ದದ್ದನ್ನು ಇದ್ದ ಹಾಗೆ ತೋರಿಸುವುದೇ ಕಲೆಯಲ್ಲವೆ?” – ಸೊರಬ ತಾಲ್ಲೂಕಿನ ಓದುಗರು

ಮದುವೆಯ ಗಡಿಬಿಡಿಯಲ್ಲೂ ಕೂತು ಇಂಥ ಪ್ರಶ್ನೆ ಬರೆದಿರಿ, ಸಂತೋಷ. ತದ್ರೂಪಕ್ಕೂ ಬೆಲೆಯಿದೆ. ಆಧಾರ್ ಕಾರ್ಡಿಗೆ ಚಿತ್ತಾರ ಅಂಟಿಸಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಅಲ್ಲಿಗೆ ನಿಮ್ಮ ಮಗನ ಪಾಲಿನ ನ್ಯಾಯ ಮುಗಿಯಿತು.

ಈಗ ನಿಮ್ಮೂರ ಪೇಟೆಯ ಫ್ಲೆಕ್ಸುಗಳನ್ನೇ ನೋಡಿ ಮಾರಾಯರೆ. ಹುಟ್ಟುಹಬ್ಬದ ಶುಭಾಶಯಕ್ಕೆ ಹಾಕಿದ ಫೋಟೊವನ್ನೇ ಶ್ರದ್ಧಾಂಜಲಿಗೂ ಹಾಕುತ್ತಾರೆ. ಅದೇ ಮೂಗು, ಅದೇ ಮೀಸೆ, ಅದೇ ನಗು. ಆದರೂ ದೂರದಿಂದ ಕಂಡವನಿಗೆ ಇದು ಸಾವಿನ ಸುದ್ದಿ ಅಂತ ಅಕ್ಷರ ಓದುವ ಮೊದಲೇ ಗೊತ್ತಾಗುತ್ತದೆ. ಹೇಳಿದ್ದು ಮುಖವಲ್ಲ. ಹಾರ, ಪಕ್ಕದ ಎರಡು ದೀಪ, ಹಿಂದಿನ ಬಣ್ಣ. ಅವು ಯಾವುವೂ ಸತ್ತವರನ್ನು ಹೋಲುವುದಿಲ್ಲ. ಊರಿನವರೆಲ್ಲ ಮಾತಿಲ್ಲದೆ ಒಪ್ಪಿಕೊಂಡ ಗುರುತುಗಳು, ಅಷ್ಟೆ.

ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ (1839–1914) ಗುರುತುಗಳನ್ನು ಮೂರು ಬಗೆಯಾಗಿ ನೋಡಿದ: ಹೋಲಿಕೆಯಿಂದ ತಿಳಿಸುವುದು, ಕಾರಣದ ನಂಟಿನಿಂದ ತಿಳಿಸುವುದು, ರೂಢಿಯ ಒಪ್ಪಂದದಿಂದ ತಿಳಿಸುವುದು. ಎರಡನೆಯದು ಅಡಿಕೆ ತೋಟದವರಿಗೆ ಪುಸ್ತಕವಿಲ್ಲದೆ ಗೊತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಮಾಡಲು 1 ಕಿಲೊ ಮೈಲುತುತ್ತ (ತಾಮ್ರದ ನೀಲಿ ಲವಣ), 1 ಕಿಲೊ ಸುಣ್ಣ, 100 ಲೀಟರ್ ನೀರು. ಕಲಸಿದ ಮೇಲೆ ತಿಕ್ಕಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು; ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಆ ಕೆಂಪು ಮೈಲುತುತ್ತದ ಚಿತ್ರವೇನಲ್ಲ, ನೀಲಿಯನ್ನು ಹೋಲುವುದೂ ಇಲ್ಲ. ಆದರೂ ಅದರಷ್ಟು ಖಚಿತವಾಗಿ ಮಾತಾಡುವ ಭಾವಚಿತ್ರವನ್ನು ಯಾರಾದರೂ ತೋರಿಸಲಿ.

ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ ಎಂಬ ನಂಬಿಕೆಯೂ ಅರ್ಧ ಮಾತ್ರ ನಿಜ. ಆಗುಂಬೆಯಲ್ಲಿ ಧೋ ಎಂದು ಸುರಿಯುವಾಗ ಮೊಬೈಲು ಹಿಡಿದು ನೋಡಿ, ಬರೀ ಬೂದುಬಣ್ಣದ ಮಬ್ಬು ಬರುತ್ತದೆ. ಮಳೆಯ ಎಳೆ ಪರದೆಯ ಮೇಲೆ ಎದ್ದು ಕಾಣಬೇಕಾದರೆ ದೀಪ ಹನಿಯ ಹಿಂದಿರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಆದ್ದರಿಂದಲೇ ಸಿನಿಮಾದವರು ಮಳೆಯ ಹಿಂದೆ ದೀಪ ಇಡುತ್ತಾರೆ. ನಾಟಕದಲ್ಲಿ ಕುದುರೆಯ ಓಟದ ಸದ್ದಿಗೆ ಎರಡು ತೆಂಗಿನ ಕರಟ ಬಡಿದಂತೆಯೇ ಇದೂ. ನಿಜವೆಂದು ನಂಬಿಸಲು ನಿಜವನ್ನು ತಿದ್ದಲೇಬೇಕು.

ನಾಟ್ಯಶಾಸ್ತ್ರದ ಭರತನಿಗೆ ಇದರಲ್ಲಿ ಗೊಂದಲವಿರಲಿಲ್ಲ. ಲೋಕ ನಡೆದಂತೆ ನಡೆಯುವುದು ಲೋಕಧರ್ಮಿ, ರಂಗದ ಒಪ್ಪಂದದಂತೆ ನಡೆಯುವುದು ನಾಟ್ಯಧರ್ಮಿ ಎಂದು ಎರಡಕ್ಕೂ ಹೆಸರಿಟ್ಟ. ರಂಗದ ಮೇಲೆ ಭಾರದ ಒಡವೆ ಬೇಡ, ನಟ ದಣಿದು ಬೆವರುತ್ತಾನೆ, ಅರಗಿನ ಹಗುರ ಒಡವೆ ಸಾಕು ಎಂದೂ ಹೇಳಿದ. ರಾಜನ ಪಾತ್ರಕ್ಕೆ ನಿಜವಾದ ಚಿನ್ನ ಹೇರಿದರೆ ಕೆಡುವುದು ರಾಜನೇ ಅನ್ನುವುದು ಆ ಕಾಲಕ್ಕೇ ಗೊತ್ತಿತ್ತು.

ನಿಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಒಮ್ಮೆ ಹೋಗಿ, ಈ ಕಡೆಯ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಕಾಳಗ, ಅಲ್ಲಿ ದನಗಳಿದ್ದರೆ ಅದು ತುರುಗೋಳು, ದನ ಕದಿಯಲು ಬಂದವರೊಡನೆ ನಡೆದ ಕಾಳಗ. ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು. ಮೇಲೆ ಲಿಂಗ, ತುದಿಯಲ್ಲಿ ಸೂರ್ಯಚಂದ್ರ, ಅಂದರೆ ಅವು ಇರುವ ತನಕ ಇವನ ಹೆಸರು. ಸತಿ ಹೋದವಳ ನೆನಪಿನ ಮಾಸ್ತಿಕಲ್ಲಿನಲ್ಲಂತೂ ಕಂಬದಿಂದ ಚಾಚಿದ, ಬಳೆ ತೊಟ್ಟ ಒಂದು ಕೈ ಸಾಕು. ಪದ್ಧತಿ ಕ್ರೂರ, ಅದು ಬೇರೆ ಮಾತು. ಶಿಲ್ಪಿಗೆ ಆ ಹೆಣ್ಣಿನ ಮುಖ ಬೇಕಾಗಲಿಲ್ಲ, ಬಳೆ ಬೇಕಾಯಿತು.

ಇನ್ನು ನಿಮ್ಮ ಗೋಡೆ. ಅದನ್ನು ಮದುಮಗಳು ಅನ್ನುವುದು ಹೇಗೆ ಅಂದಿರಿ. ಹೌದು, ಅವಳು ನಿಮ್ಮ ಮಗಳಲ್ಲ. ಆ ಹಸೆಯ ಮೇಲೆ ಕೂತ, ಕೂರಲಿರುವ ಎಲ್ಲ ಹೆಣ್ಣುಮಕ್ಕಳು. ಮೂಗು ಬರೆದ ಕೂಡಲೇ ಅವಳು ಒಬ್ಬಳ ಪಾಲಾಗುತ್ತಾಳೆ. ಚಿತ್ತಾರಗಿತ್ತಿಯರಿಗೆ ಮೂಗು ಬರೆಯಲು ಬಾರದೆ ಬಿಟ್ಟದ್ದಲ್ಲ. ಅಷ್ಟು ಗೆರೆಗಳನ್ನು ಕೈ ನಡುಗದೆ ಎಳೆಯುವವರಿಗೆ ಮೂಗೇನು ಮಹಾ.

ನಮ್ಮ ಶಾಲೆಗಳ ಚಿತ್ರಸ್ಪರ್ಧೆಯಲ್ಲಿ ಮಾವಿನಹಣ್ಣು ಮಾವಿನಹಣ್ಣಿನ ಹಾಗೇ ಕಂಡರೆ ಬಹುಮಾನ. ಅಜ್ಜಿಯ ಜೊತೆ ಭೂಮಿ ಹುಣ್ಣಿಮೆ ಹಬ್ಬದ ಭೂಮಣ್ಣಿ ಬುಟ್ಟಿಯ ಮೇಲೆ ಗೆರೆ ಎಳೆಯುವ ಹುಡುಗಿಗೆ “ನೀಟಾಗಿ ಬಿಡಿಸು” ಎಂಬ ಬುದ್ಧಿಮಾತು. ದೊಡ್ಡವಳಾದ ಮೇಲೆ ಅವಳೇ ಹೋಂಸ್ಟೇ ಒಂದರಲ್ಲಿ ಚಿತ್ತಾರದ ಸ್ಟಿಕ್ಕರ್ ಅಂಟಿಸಿದ ಗೋಡೆಯ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾಳೆ. ಚಿತ್ತಾರದ ಬಾಸಿಂಗ ಶೌಚಾಲಯದ ಬಾಗಿಲ ಮೇಲೆ, ದಂಡಿಗೆ (ಪಲ್ಲಕ್ಕಿ) ಊಟದ ಮೆನುವಿನ ಮೇಲೆ. ಆಕಾರ ಉಳಿದಿದೆ, ಒಪ್ಪಂದ ಹರಿದುಹೋಗಿದೆ. ಇದನ್ನು ಸಂಸ್ಕೃತಿಯ ಉಳಿವು ಎಂದು ಭಾಷಣ ಮಾಡುವವರಿಗೂ ಕೊರತೆಯಿಲ್ಲ.

ಹಾಗಾಗಿ ಅಮ್ಮನ ಮಾತು ನಡೆಯಲಿ. ಕೆಮ್ಮಣ್ಣು ಸಾರಿಸಿದ ಗೋಡೆ ಪೂರ್ತಿ ಒಣಗಬೇಕು. ತೇವವಿದ್ದರೆ ಬಿಳಿ ಬಣ್ಣ ಒಳಗೆ ಇಳಿದು ಗೆರೆಯ ಅಂಚು ಹರಡುತ್ತದೆ. ಆ ಬಿಳಿಗೆ ಅಕ್ಕಿ ರಾತ್ರಿಯಿಡೀ ನೆನೆಯಲಿ, ನುಣ್ಣಗೆ ಅರೆದು ತೆಳುಬಟ್ಟೆಯಲ್ಲಿ ಸೋಸಿ. ತರಿ ಉಳಿದರೆ ಪುಂಡಿ ಗಿಡದ ನಾರಿನ ಕುಂಚ ಗೆರೆಯ ನಡುವೆ ತಡೆಯುತ್ತದೆ. ಹಿಟ್ಟು ದಪ್ಪವಾದರೆ ಒಣಗಿ ಸಿಪ್ಪೆ ಏಳುತ್ತದೆ, ನೀರಾದರೆ ಗೋಡೆಯ ಮೇಲೆ ಹರಿಯುತ್ತದೆ. ಆದ್ದರಿಂದ ಮೂಲೆಯಲ್ಲಿ ಒಂದು ಗೇಣು ಗೆರೆ ಎಳೆದು, ಒಣಗಿದ ಮೇಲೆ ಬೆರಳಾಡಿಸಿ ನೋಡಿ. ಹಳದಿಗೆ ಗುರಿಗೆ ಬೀಜ, ಕಪ್ಪಿಗೆ ಕರಿಕಾಗುವಷ್ಟು ಹುರಿದ ಅಕ್ಕಿ. ಅರೆದ ಹಿಟ್ಟನ್ನು ಮರುದಿನಕ್ಕೆ ಇಡಬೇಡಿ, ಹುಳಿ ಬರುತ್ತದೆ. ಫೋಟೊದ ಫ್ಲೆಕ್ಸ್ ಬೇಕೇ ಬೇಕೆಂದು ಮಗ ಹಟ ಹಿಡಿದರೆ ಚಪ್ಪರದ ಹೊರಗೆ, ದಾರಿ ತಿರುಗುವಲ್ಲಿ ಕಟ್ಟಿಸಿ. ಬರುವ ನೆಂಟರಿಗೆ ಮನೆ ಯಾವುದೆಂದು ಗೊತ್ತಾಗುತ್ತದೆ.

– ಸಂ.