ಬರ್ಲಿನ್‌ನ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣ ಪಾರ್ಕ್ ಆಯಿತಲ್ಲ, ಅಲ್ಲಿ ಮನೆಗಳನ್ನು ಯಾಕೆ ಕಟ್ಟಲಿಲ್ಲ?

ಕಟ್ಟಬೇಕು ಅಂತಲೇ ಸರ್ಕಾರ ಹೊರಟಿತ್ತು, ಜನ ಬಿಡಲಿಲ್ಲ. ವಿಮಾನ ಹಾರಾಟ ನಿಂತದ್ದು 2008ರಲ್ಲಿ. 300 ಹೆಕ್ಟೇರ್‌ಗೂ ಜಾಸ್ತಿ ಇರುವ ಆ ಬಯಲನ್ನು 2010ರ ಮೇ ತಿಂಗಳಲ್ಲಿ ಎಲ್ಲರಿಗೂ ತೆರೆದರು. ಆಮೇಲೆ ಅಂಚಿನಲ್ಲಿ ಮನೆ, ಕಚೇರಿ, ದೊಡ್ಡ ಗ್ರಂಥಾಲಯ ಕಟ್ಟುವ ಯೋಜನೆ ಬಂತು. 2014ರ ಮೇ 25ರಂದು ಜನಮತಗಣನೆ ನಡೆಯಿತು. ಬಯಲು ಹಾಗೇ ಇರಲಿ ಅಂದವರೇ ಗೆದ್ದರು, ಅದೇ ಕಾನೂನಾಯಿತು.

ಸುಮ್ನೆ ಹೂವಿನ ಪಾತಿ ಮಾಡಿ ಸಿಂಗರಿಸಲು ಹೋಗದೆ ಬಿಟ್ಟದ್ದೇ ನನಗೆ ತುಂಬಾ ಹಿಡಿಸಿದ್ದು. ರನ್‌ವೇಗಳು ಹಾಗೇ ಇವೆ. 1948-49ರಲ್ಲಿ ಸೋವಿಯತ್ ದಿಗ್ಬಂಧನಕ್ಕೆ ಸಿಕ್ಕಿದ್ದ ಪಶ್ಚಿಮ ಬರ್ಲಿನ್‌ಗೆ ಆಹಾರ, ಕಲ್ಲಿದ್ದಲು ಹೊತ್ತ ವಿಮಾನಗಳು ಇಳಿದದ್ದು ಇಲ್ಲೂ ಹೌದು. ಈಗ ಅಲ್ಲಿ ಸೈಕಲ್, ಸ್ಕೇಟಿಂಗ್, ಗಾಳಿಪಟ. ನಡುವಿನ ಹುಲ್ಲಿನಲ್ಲಿ ನೆಲಗುಬ್ಬಿಗಳು ನೆಲದ ಮೇಲೇ ಗೂಡು ಕಟ್ಟುತ್ತವೆ. ಮರಿ ಮಾಡುವ ಕಾಲದಲ್ಲಿ ಆ ಜಾಗಕ್ಕೆ ಯಾರನ್ನೂ ಬಿಡುವುದಿಲ್ಲ.