ಬಿ.ಎ., ಬಿ.ಕಾಂ. ಮಕ್ಕಳಿಗೆ ವೈಜ್ಞಾನಿಕ ತರ್ಕ: ಮಂಗನ ಕಾಯಿಲೆಯಿಂದ ಶುರು ಮಾಡಿ

ಶಿವಮೊಗ್ಗದ ಪದವಿ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ತರಗತಿಗೆ ವೈಜ್ಞಾನಿಕ ತರ್ಕ ಕಲಿಸಬೇಕಿದೆ, ಮಕ್ಕಳು ‘ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ’ ಎಂದು ಬಾಯಿಪಾಠ ಒಪ್ಪಿಸಿ ಮುಗಿಸುತ್ತಾರೆ ಎಂದಿದ್ದೀರಿ. ಆ ನಾಲ್ಕು ಪದ ಸದ್ಯಕ್ಕೆ ಬದಿಗಿಡಿ. ಒಂದು ಗಂಟೆ, ಒಂದಾದ ಮೇಲೊಂದರಂತೆ ಕೊಡಲು ಮೂರು ಚೀಟಿ, ನಾಲ್ಕು ನಾಲ್ಕು ಜನರ ಗುಂಪು ಇದ್ದರೆ ಸಾಕು.

ಮೊದಲ ಚೀಟಿ: 1957, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ಮಂಗಗಳು ಸಾಯುತ್ತಿವೆ, ಸುತ್ತಲಿನ ಊರುಗಳಲ್ಲಿ ವಿಪರೀತ ಜ್ವರ. ಕಾರಣವೇನು? ನಮ್ಮ ಕಡೆಯ ಮಕ್ಕಳು ತಕ್ಷಣ ‘ಉಣುಗು’ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ) ಎನ್ನುತ್ತಾರೆ. ಪಾಠ ಕೆಡುವುದು ಅಲ್ಲೇ. ಆಗ ಹೀಗೆ ಕೇಳಿ: ‘ಮೊದಮೊದಲು ಅದು ಯಾರಿಗೂ ಗೊತ್ತಿರಲಿಲ್ಲ. ಮಂಗ ಸತ್ತದ್ದು ನೋಡಿ ಹಳದಿ ಜ್ವರ ಇರಬಹುದೆಂದು ತಜ್ಞರೇ ಶಂಕಿಸಿದ್ದರು. ಹಳದಿ ಜ್ವರ ಸೊಳ್ಳೆಯಿಂದ ಹರಡುವ ಕಾಯಿಲೆ. ಅವರನ್ನು ಒಪ್ಪಿಸಲು ಏನು ತೋರಿಸುತ್ತೀರಿ?’ ಪ್ರತಿ ಗುಂಪೂ ಹಾಳೆಯಲ್ಲಿ ಎರಡು ಕಾಲಂ ಹಾಕಲಿ: ಸೊಳ್ಳೆಯಾದರೆ ಏನು ಕಾಣಬೇಕು, ಉಣುಗಾದರೆ ಏನು ಕಾಣಬೇಕು.

ಎರಡನೇ ಚೀಟಿ: ಕಾಯಿಲೆ ಬಿದ್ದವರಲ್ಲಿ ಸೌದೆಗೆ, ದನ ಮೇಯಿಸಲು ಕಾಡಿಗೆ ಹೋದವರೇ ಹೆಚ್ಚು. ಬಹುತೇಕರು ಇದನ್ನು ಉಣುಗಿನ ಕಾಲಂನಲ್ಲಷ್ಟೇ ಬರೆಯುತ್ತಾರೆ. ಕಾಡಿನಲ್ಲಿ ಸೊಳ್ಳೆ ಕಚ್ಚುವುದಿಲ್ಲವೇ? ಎರಡೂ ಕಡೆಗೆ ಹೊಂದುವ ಸಾಕ್ಷ್ಯ ಯಾವ ಕಡೆಯನ್ನೂ ಗೆಲ್ಲಿಸುವುದಿಲ್ಲ. ಇಡೀ ಗಂಟೆಯ ತಿರುಳು ಇದೇ. ಇಪ್ಪತ್ತು ನಿಮಿಷ ಹೋದರೂ ಹೋಗಲಿ, ನೀವಾಗಿ ಉತ್ತರ ಹೇಳಬೇಡಿ.

ಮೂರನೇ ಚೀಟಿ: ಕಾಡಿನ ಉಣುಗುಗಳಲ್ಲಿ ಅದೇ ವೈರಸ್ ಸಿಕ್ಕಿತು. ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್‌ಗೆ ಅದು ಹತ್ತಿರದ್ದು. ಈಗ ಕಾಲಂಗಳು ಬೇರೆಯಾಗುತ್ತವೆ.

ಮುಂದಿನ ತರಗತಿಗೆ ಅಡಿಕೆ ಕೊಳೆ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಯುವ ರೋಗ, ತೆಗೆದುಕೊಳ್ಳಿ. ‘ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಸಿದೆವು, ಕೊಳೆ ಬರಲಿಲ್ಲ’ ಎಂಬ ಮಾತಿಗೆ ನಾಲ್ಕು ಮನೆ ಬರೆಸಿ: ಹೊಡೆಸಿಯೂ ಕೊಳೆ ಬಂದದ್ದು, ಹೊಡೆಸಿ ಬರದ್ದು, ಹೊಡೆಸದೆ ಬಂದದ್ದು, ಹೊಡೆಸದೆಯೂ ಬರದ್ದು. ಮಕ್ಕಳು ಒಂದೇ ಮನೆ ತುಂಬಿ ಪೆನ್ನು ಕೆಳಗಿಡುತ್ತಾರೆ. ಅದೇ ಮಳೆಗಾಲದಲ್ಲಿ, ಅದೇ ಊರಿನಲ್ಲಿ ಹೊಡೆಸದ ತೋಟ ಹೇಗಿತ್ತು ಎಂದು ವಿಚಾರಿಸಿಕೊಂಡು ಬರಲು ಕಳಿಸಿ. ಒಂದು ಎಚ್ಚರ: ಬೋರ್ಡೋ ನಿಜಕ್ಕೂ ಕೆಲಸ ಮಾಡುತ್ತದೆ. ‘ಸಾಕ್ಷ್ಯ ಸಾಲದು’ ಎಂದರೆ ‘ಮಾತು ಸುಳ್ಳು’ ಎಂದಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ತೋಟದ ಮನೆಯ ಮಕ್ಕಳಿಗೆ ಅಪ್ಪನನ್ನೇ ಅಣಕಿಸಿದಂತಾಗಿ, ಮತ್ತೆ ಬಾಯಿ ಬಿಡುವುದಿಲ್ಲ.

ಅಂಕ ಕೊಡುವಾಗ 10ರಲ್ಲಿ ಸರಿಯುತ್ತರಕ್ಕೆ 2 ಸಾಕು. ಉಳಿದ 8 ಅಂಕ ‘ಏನು ಕಂಡರೆ ನನ್ನ ಊಹೆ ಕೈಬಿಡುತ್ತೇನೆ’ ಎಂದು ಬರೆದ ಸಾಲಿಗೆ ಇಡಿ, ಅದನ್ನು ಮೊದಲ ದಿನವೇ ಮಕ್ಕಳಿಗೆ ತಿಳಿಸಿ.